ಒಂದೇ ಸೊಂಟದ ಅಣ್ಣತಮ್ಮ

"ಕೇಳ್ರಪ್ಪೋ ಕೇಳ್ರಿ! ಹುಲಿಗುಡ್ಡದ ದೊರೆ ಜಡೆಪ್ಪನಾಯಕರ ಅಪ್ಪಣೆ! ಕುಮಾರಿ ನೀಲಾಜಮ್ಮಣ್ಣಿಯವರು ಹಾಕುವ ಮೂರು ಒಗಟು ಬಿಡಿಸಿದವನಿಗೆ ಅವರನ್ನು ಧಾರೆಯೆರೆದು ಕೊಡಲಾಗುವುದು. ಮದ್ದಿನಮನೆಯ ಬೀಗದಕೈಯೂ ಅವನಿಗೇ! ತಪ್ಪಿದವನು ತಲೆಯ ಮೇಲೆ ಬೂದುಗುಂಬಳ ಹೊತ್ತು ಮೂವತ್ತು ಹೆಜ್ಜೆ ದೂರ ನಿಲ್ಲತಕ್ಕದ್ದು. ಕುಂಬಳಕ್ಕೆ ದೊರೆಗಳೇ ಖುದ್ದು ಗುಂಡು ಹೊಡೆಯುವರು!"

ಡಂಗುರದವನ ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಬೀದಿಯ ಗಂಡಸರು ಒಳಗೆ ಹೋಗಿ ಅಗುಳಿ ಹಾಕಿಕೊಂಡರು. ದೊರೆಗಳ ಗುರಿ ಯಾರಿಗೆ ಗೊತ್ತಿರಲಿಲ್ಲ! ಕಾಡುಹಂದಿಗೆಂದು ಹೊಡೆದ ಗುಂಡು ಪುರೋಹಿತರ ಛತ್ರಿ ತೂತು ಮಾಡಿತ್ತು.

ಚಮ್ಮಾರ ಹರಳಪ್ಪ ಮಾತ್ರ ಉಳಿ ಕೆಳಗಿಟ್ಟು ಯೋಚನೆಗೆ ಬಿದ್ದ. ಹೋದ ತಿಂಗಳು ದೊರೆಗಳಿಗೆ ರಿವಾಲ್ವರಿನ ಕಾಡತೂಸು, ಅಂದರೆ ತೋಟಾ, ಸಿಕ್ಕಿಸುವ ಕುಣಿಕೆಗಳ ಸೊಂಟಪಟ್ಟಿ ಹೊಲಿಯಲು ಅವನು ಇಪ್ಪತ್ತು ದಿನ ಮದ್ದಿನಮನೆಯಲ್ಲಿ ಕೂತಿದ್ದ. ದೊರೆಗಳ ಮಗಳು ಅಮ್ಮಣ್ಣಿ ಬಂದು, ಈ ಕುಣಿಕೆ ಯಾಕೆ ಬಿಗಿ, ಈ ದಾರಕ್ಕೆ ಮೇಣ ಯಾಕೆ ಎಂದು ಕೇಳುತ್ತ ಚಾಪೆಯ ಅಂಚಿನಲ್ಲೇ ಕೂತುಬಿಡುತ್ತಿದ್ದಳು. ಆ ಇಪ್ಪತ್ತು ದಿನದಲ್ಲಿ ಅವನು ಸೂಜಿ ಚುಚ್ಚಿಕೊಂಡಷ್ಟು ಸಲ ಹುಟ್ಟಿದಾಗಿನಿಂದ ಚುಚ್ಚಿಕೊಂಡಿರಲಿಲ್ಲ.

ಪರೀಕ್ಷೆಯ ದಿನ ಅವನು ಸಭೆಗೆ ಬರುವಷ್ಟರಲ್ಲಿ ದಳವಾಯಿಯ ಮಗ ಮುಂದೆ ನಿಂತಿದ್ದ. ಅಮ್ಮಣ್ಣಿ ಕೇಳಿದಳು: "ಅಣ್ಣ ತಮ್ಮ ಇಬ್ಬರಿದ್ದಾರೆ. ಇಬ್ಬರದೂ ಒಂದೇ ಸೊಂಟ. ತಮ್ಮ ಅಣ್ಣನ ಮನೆಯಲ್ಲಿ ಹಾಯಾಗಿ ಮಲಗುತ್ತಾನೆ. ಅಣ್ಣ ತಮ್ಮನ ಮನೆಗೆ ಹೋದರೆ ಕಾಲು ಹೊರಗೇ ಉಳಿಯುತ್ತದೆ. ಯಾರಿವರು?"

"ತಮ್ಮನ ಹೆಂಡತಿ ಬಜಾರಿ, ಅದಕ್ಕೇ!" ಅಂದ ದಳವಾಯಿಯ ಮಗ, ತಡಮಾಡದೆ.

ಅವನ ತಲೆಗೆ ಕುಂಬಳ ಏರಿತು. ದೊರೆಗಳು ಹೊಸ ರಿವಾಲ್ವರ್ ಎತ್ತಿ ಢಂ ಎನ್ನಿಸಿದರು. ಗೋಪುರದ ಪಾರಿವಾಳಗಳು ಹಾರಿದವು, ಒಂದು ಹೆಂಚು ಉದುರಿತು. ಕುಂಬಳ ಹಾಗೇ ಇತ್ತು, ಹೊತ್ತವನು ಮಾತ್ರ ಮೂರ್ಛೆ ಹೋಗಿದ್ದ.

ಆಮೇಲೆ ಬಂದ ಆಸ್ಥಾನದ ಜೋಯಿಸರ ಮಗ ಸೂರ್ಯಚಂದ್ರರೆಂದ. ಗುಂಡು ನಗಾರಿ ಸೀಳಿತು. ರೇಷ್ಮೆ ಸಾಹುಕಾರನ ಮಗ ಕುಂಬಳವನ್ನು ನೋಡಿದವನೇ ಹೊಟ್ಟೆನೋವೆಂದು ಓಡಿದ.

"ಇನ್ಯಾರು?" ಎಂದರು ದೊರೆಗಳು, ಮಣಿಕಟ್ಟು ನೀವಿಕೊಳ್ಳುತ್ತ.

"ನಾನು ಬುದ್ಧೀ," ಎಂದು ಹರಳಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದು ಕೈಮುಗಿದ. "ಅಣ್ಣತಮ್ಮಂದಿರೆಂದರೆ ದೊರೆಗಳ ಎರಡು ಬಗೆಯ ಕಾಡತೂಸು. ದಪ್ಪ ಎರಡಕ್ಕೂ ಒಂದೇ, ನನ್ನ ಕುಣಿಕೆಯಲ್ಲಿ ಎರಡೂ ಸರಿಯಾಗಿ ಕೂರುತ್ತವೆ. ಉದ್ದ ಬೇರೆ. ಗಿಡ್ಡದೇ ತಮ್ಮ; ಅದು ಅಣ್ಣನ ಮನೆಯಾದ ಹೊಸ ರಿವಾಲ್ವರಿನ ಗೂಡಿಗೂ ಹೋಗುತ್ತದೆ, ತನ್ನ ಮನೆಯಾದ ಹಳೇ ರಿವಾಲ್ವರಿಗೂ ಹೋಗುತ್ತದೆ. ಉದ್ದದ್ದು ಹಳೆಯದರಲ್ಲಿ ಪೂರ್ತಿ ಇಳಿಯುವುದಿಲ್ಲ. ಇಳಿಯದೇ ಇರುವುದೇ ಒಳ್ಳೆಯದು. ಅದರ ಮದ್ದಿನ ರಭಸಕ್ಕೆ ಹಳೇ ಕಬ್ಬಿಣ ಸಿಡಿದುಹೋದೀತು."

ಅಮ್ಮಣ್ಣಿಯ ಮುಖ ಅರಳಿತು. "ಎರಡನೆಯದು ಕೇಳು. ಒಬ್ಬನ ಹೆಸರು ನಲವತ್ತನಾಲ್ಕು. ಅಳೆದು ನೋಡಿದರೆ ನಲವತ್ತಮೂರೂ ತುಂಬುವುದಿಲ್ಲ. ಅವನು ಸುಳ್ಳನೋ?"

"ಸುಳ್ಳನಲ್ಲ ತಾಯಿ, ಹಳೇ ಹೆಸರು ಬಿಡದವನು. ಇದೇ ಕಾಡತೂಸಿನ ಗುಂಡಿಗೆ ನಲವತ್ತನಾಲ್ಕು ಅಂತ ಹೆಸರು. ಒಂದು ಅಂಗುಲವನ್ನು ನೂರು ಪಾಲು ಮಾಡಿದರೆ ಈ ಗುಂಡಿನ ದಪ್ಪ ನಲವತ್ತಮೂರಕ್ಕೆ ಕೂದಲೆಳೆ ಕಡಮೆ. ಹಿಂದಿನ ಕಾಲದಲ್ಲಿ ಗುಂಡು ಕಾಡತೂಸಿನ ಹಿತ್ತಾಳೆ ಚಿಪ್ಪಿನಷ್ಟೇ ದಪ್ಪ ಇತ್ತಂತೆ. ಆಮೇಲೆ ಚಿಪ್ಪಿನೊಳಗೆ ಕೂತು ಸಣ್ಣಗಾಯಿತು, ಹೆಸರು ಮಾತ್ರ ಸಣ್ಣಗಾಗಲಿಲ್ಲ. ಮದ್ದಿನಮನೆಯ ಕಾಸಿಂ ಸಾಹೇಬರು ಹೇಳಿದ್ದು. ನಮ್ಮ ಕೇರಿಯ ಹಲ್ಲಿಲ್ಲದ ಮುದುಕನನ್ನು ಇವತ್ತಿಗೂ ಚಿಕ್ಕಮಗು ಅಂತಲೇ ಕರೆಯೋದು."

ಸಭೆ ನಕ್ಕಿತು. ಅಮ್ಮಣ್ಣಿ ನಗಲಿಲ್ಲ. ಎರಡು ಕಾಡತೂಸುಗಳನ್ನು ಅಂಗೈಯಲ್ಲಿ ಚಾಚಿದಳು.

"ಮೂರನೆಯದು. ನಾಳಿದ್ದು ನಮ್ಮ ಅಪ್ಪಾಜಿ ಒಂಟಿ ಹಂದಿಯ ಬೇಟೆಗೆ ಹೋಗುತ್ತಾರೆ. ಇಪ್ಪತ್ತು ಹೆಜ್ಜೆಯಲ್ಲಿ ಅದು ಎದುರಾದರೆ ಇವೆರಡರಲ್ಲಿ ಯಾವುದು ಅವರ ಜೀವ ಉಳಿಸುತ್ತದೆ?"

ಆಗ ಹರಳಪ್ಪನಿಗೆ ಎಲ್ಲ ಹೊಳೆಯಿತು. ಇದು ಗಂಡು ಹುಡುಕುವ ಒಗಟಲ್ಲ. ಅಪ್ಪನಿಗೆ ಯಾರೂ ಹೇಳಲಾರದ ಮಾತನ್ನು ಯಾರ ಬಾಯಿಂದಾದರೂ ಹೇಳಿಸಬೇಕೆಂದು ಮಗಳು ಹೂಡಿದ ಉಪಾಯ.

"ಗಿಡ್ಡದು," ಅಂದ.

"ಏನಂದೆ? ಹಂದಿಗೆ ಗಿಡ್ಡದೇ?" ದೊರೆಗಳು ಎದ್ದು ನಿಂತರು. "ಉದ್ದದ್ದರ ಏಟು ಇದರ ಎರಡರಷ್ಟಿದೆ!"

"ಏಟು ಹಂದಿಗೆ ಬಿದ್ದರಲ್ಲವೇ ಬುದ್ಧೀ? ಇವತ್ತು ತಾವು ಹೊಡೆದ ಉದ್ದದ್ದು ಹಾರುವಾಗ ತಮ್ಮ ಮಣಿಕಟ್ಟನ್ನು ಕತ್ತೆಯ ಹಾಗೆ ಒದೆಯುತ್ತದೆ. ಆ ಒದೆ ನೆನೆದು, ರಿವಾಲ್ವರಿನ ಕುದುರೆ ಎಳೆಯುವ ಮೊದಲೇ ತಾವು ಕಣ್ಣು ಮುಚ್ಚುತ್ತೀರಿ."

ದೊರೆಗಳ ಮೀಸೆ ಅದುರಿತು.

"ನಾನು! ಕಣ್ಣು ಮುಚ್ಚುತ್ತೇನೆ! ತನ್ನಿ ಕುಂಬಳ. ಗಿಡ್ಡದ್ದರಲ್ಲೇ ಹೊಡೆಯುತ್ತೇನೆ. ತಪ್ಪಿದರೆ ನಿನ್ನ ಉತ್ತರವೂ ತಪ್ಪು, ನಿನ್ನ ತಲೆಯೂ ಹೋಯಿತು."

ಹರಳಪ್ಪ ಕುಂಬಳ ಹೊತ್ತು ನಿಂತ. ಮೂವತ್ತು ಹೆಜ್ಜೆ ಆಚೆ ರಿವಾಲ್ವರಿನ ಬಾಯಿ ಬಾವಿಯಷ್ಟು ದೊಡ್ಡದಾಗಿ ಕಂಡಿತು. ದೊರೆಗಳು ಎರಡೂ ಕಣ್ಣು ಅಗಲಿಸಿ ಗುರಿ ಹಿಡಿದಿದ್ದರು. ಟಪ್ ಎಂದಿತು, ಅಷ್ಟೇ. ಮರುಕ್ಷಣ ಅವನ ಮುಖದ ಮೇಲೆಲ್ಲ ತಣ್ಣಗೆ ತಿರುಳು, ಬೀಜ.

ದೊರೆಗಳು ಕೈಯಲ್ಲಿದ್ದ ರಿವಾಲ್ವರನ್ನೂ ನೆಲದ ಮೇಲಿನ ಕುಂಬಳದ ಹೋಳುಗಳನ್ನೂ ಸರದಿಯಂತೆ ನೋಡಿದರು. "ಬಿತ್ತು!" ಎಂದರು ಮೆಲ್ಲಗೆ. ಆಮೇಲೆ ಕೂಗಿದರು, "ಬಿತ್ತು ಕಣ್ರೋ!" ಓಡಿಬಂದು ಹರಳಪ್ಪನನ್ನು ತಬ್ಬಿಕೊಂಡರು. ಅವರ ಜರತಾರಿ ಅಂಗಿಯ ತುಂಬ ಕುಂಬಳದ ಬೀಜ ಮೆತ್ತಿತು.

ಅಮ್ಮಣ್ಣಿ ಬೀಗದಕೈ ಹಿಡಿದು ಬಂದಳು. "ಡಂಗುರದಲ್ಲಿ ಏನೇ ಸಾರಿರಲಿ, ನಿನಗೆ ಒಪ್ಪಿಗೆಯೇ ಎಂದು ನಾನು ಕೇಳಬೇಕು."

"ಇಪ್ಪತ್ತು ದಿನ ಸೂಜಿ ಚುಚ್ಚಿಕೊಂಡವನು ಬೇಡ ಅಂದೇನೇ ತಾಯಿ?" ಎಂದುಬಿಟ್ಟ. ತಾಯಿ ಎಂದದ್ದು ಹೊಳೆದು ನಾಲಿಗೆ ಕಚ್ಚಿಕೊಂಡ.

ಅವಳಿಗೆ ನಗು ತಡೆಯಲಾಗಲಿಲ್ಲ. "ಅಪ್ಪಾಜಿಯ ಗುರಿ ಗೊತ್ತಿದ್ದೂ ಹೇಗೆ ಧೈರ್ಯವಾಗಿ ಬಂದೆ?"

"ಅವರ ಗುರಿ ಗೊತ್ತಿದ್ದದ್ದಕ್ಕೇ ಬಂದೆ. ಇಡೀ ಹುಲಿಗುಡ್ಡದಲ್ಲಿ ಕುಂಬಳದ ಕೆಳಗಿನಷ್ಟು ಕ್ಷೇಮದ ಜಾಗ ಇನ್ನೊಂದಿರಲಿಲ್ಲ. ಅವರು ಗಿಡ್ಡ ಕಾಡತೂಸು ಕೈಗೆತ್ತಿಕೊಂಡಾಗಲೇ ನೋಡಿ, ನನ್ನ ಜೀವ ಬಾಯಿಗೆ ಬಂದದ್ದು!"