ಮೊದಲ ಸರದಿಯ ಹಾರ

ಅಮೆರಿಕದವರ ಫುಟ್‌ಬಾಲಿನಲ್ಲಿ ಒಂದು ಪದ್ಧತಿ ಇದೆ. ಹೋದ ವರ್ಷ ಕಟ್ಟಕಡೆಗೆ ಬಂದ ತಂಡಕ್ಕೆ, ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಈ ವರ್ಷ ಮೊದಲ ಸರದಿ. ಸೋತವರು ಚೇತರಿಸಿಕೊಳ್ಳಲಿ ಎಂಬ ಒಳ್ಳೆಯ ಬುದ್ಧಿ ಅದು. ಆದರೆ ಕೆಲವು ವರ್ಷ ಮೊದಲ ಸುತ್ತಿನಲ್ಲಿ ಆರಿಸಿದವರೇ ಜೊಳ್ಳಾಗಿ ಹೋದದ್ದೂ ಉಂಟು. ನಮ್ಮ ಹೊಳೆಸಾಲು ಮಹಿಳಾ ಕಬಡ್ಡಿ ಲೀಗಿನವರು ಈ ಪದ್ಧತಿಯನ್ನು ಟಿವಿಯಲ್ಲಿ ನೋಡಿ ಮೆಚ್ಚಿ, ಹಾಗೇ ಎತ್ತಿಕೊಂಡು ಬಂದರು. ಪದ್ಧತಿಯ ಜೊತೆಗೆ ಅದರ ಪೇಚೂ ಬಂತು.

ಲೀಗಿನಲ್ಲಿ ಎಂಟು ತಂಡಗಳು. ಕಲ್ಲುಕೊಪ್ಪಲು ತಂಡ ಎರಡು ವರ್ಷ ಸತತವಾಗಿ ಎಂಟನೆಯದು. ಮೂರನೇ ವರ್ಷವೂ ಕೊನೆಗೆ ಬಂದ ತಂಡವನ್ನು ಲೀಗಿನಿಂದಲೇ ತೆಗೆದುಹಾಕುವ ನಿಯಮವಿತ್ತು. ಹಾಗಾದರೆ ಹನ್ನೊಂದು ಹುಡುಗಿಯರ ಆಟ ಅಲ್ಲಿಗೆ ಮುಗಿದಂತೆ. ಅವರಿಗೆ ಆಟ ಕಲಿಸುತ್ತಿದ್ದವರು ಸಾಕಮ್ಮ. ವಯಸ್ಸು ಐವತ್ತು, ಶಾಲೆಯಲ್ಲಿ ಆಟದ ಟೀಚರು. ಒಂದು ಕಾಲದಲ್ಲಿ ಆಕೆ ರೈಡಿಗೆ ಬಂದರೆ ಎದುರು ತಂಡದವರು ಸೀರೆ ಸೆರಗು ಬಿಗಿಯುತ್ತಿದ್ದರೆಂದು ಹಳಬರು ತಮಾಷೆ ಮಾಡುತ್ತಾರೆ. ತಂಡದ ಯಜಮಾನ ಅಕ್ಕಿ ಗಿರಣಿಯ ಬೋರೇಗೌಡರು. ಮನಸ್ಸು ಒಳ್ಳೆಯದು, ಆತುರ ಜಾಸ್ತಿ.

ಮೊದಲ ಸರದಿ ತಮ್ಮದೆಂದು ತಿಳಿದ ದಿನವೇ ಗೌಡರು ಬಸ್‌ಸ್ಟ್ಯಾಂಡಿನ ಎದುರು ಇಪ್ಪತ್ತು ಅಡಿಯ ಫ್ಲೆಕ್ಸ್ ಕಟ್ಟಿಸಿದರು. 'ಮೊದಲ ಸರದಿ, ಮೊದಲ ಹುಲಿ' ಎಂದು ದೊಡ್ಡಕ್ಷರದಲ್ಲಿ ಬರೆಸಿದ್ದರು. ಒಂದು ಕಡೆ ಗೌಡರು ಕೈಮುಗಿದು ನಿಂತ ಫೋಟೊ. ನಡುವೆ ಒಂದು ಖಾಲಿ ವೃತ್ತ. ಹುಲಿ ಯಾರೆಂದು ಇನ್ನೂ ಗೊತ್ತಿರಲಿಲ್ಲವಲ್ಲ.

ಆಯ್ಕೆಗೆ ಮುಂಚೆ ಮೂರು ದಿನದ ಶಿಬಿರ ನಡೆಯಿತು. ಬಂದ ಹುಡುಗಿಯರನ್ನು ಓಡಿಸಿದರು, ಹಾರಿಸಿದರು, ಎತ್ತರ ಅಳೆದರು, ತೂಕ ನೋಡಿದರು. ಕಬಡ್ಡಿಯೊಂದನ್ನು ಆಡಿಸಲಿಲ್ಲ. ಯಾರದಾದರೂ ಕೈಕಾಲು ಮುರಿದರೆ ಹೊಣೆ ಯಾರದು ಎಂದು ಸಂಘಟಕರಿಗೆ ಭಯ. ಈಜು ಬರುತ್ತದೋ ಇಲ್ಲವೋ ಎಂದು ತಿಳಿಯಲು ಬಟ್ಟೆಯ ಅಳತೆ ತೆಗೆದುಕೊಂಡ ಹಾಗಾಯಿತು.

ಸಾಕಮ್ಮ ಮೂರೂ ದಿನ ಕಲ್ಲು ಬೆಂಚಿನ ಮೇಲೆ ಕೂತು ನೋಡಿದರು. ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕರೆದು, ರೈಡಿಗೆ ಹೋದವಳು ಎದುರಾಳಿಗಳ ಅಂಕಣದ ಒಳಗೆರೆ ದಾಟುವುದರ ಬಗ್ಗೆ ಒಂದೇ ಪ್ರಶ್ನೆ ಕೇಳಿದರು.

"ಬೋನಸ್ ಗೆರೆ ದಾಟಿದ್ ಮೇಲೆ ಯಾರನ್ನ ನೋಡ್ತೀಯವ್ವ?"

ಒಬ್ಬಳು ಅಂಪೈರನ್ನು ಎಂದಳು. ಇನ್ನೊಬ್ಬಳು ಕ್ಯಾಮೆರಾ ಕಡೆ ಎಂದಳು. ಓಟ, ಜಿಗಿತ ಎರಡರಲ್ಲೂ ಮೊದಲು ಬಂದವಳು ರಂಜಿತಾ ಎಂಬ ಹತ್ತೊಂಬತ್ತರ ಹುಡುಗಿ. ಅವಳು ತಲೆ ತಗ್ಗಿಸಿ ಹೇಳಿದಳು: "ಗೊತ್ತಿಲ್ಲ ಮೇಡಂ. ನಾನು ಓಟದೋಳು. ಕಬಡ್ಡಿಗೆ ಬಂದು ಎಂಟು ತಿಂಗಳಾಯ್ತು ಅಷ್ಟೆ."

ಸಾಕಮ್ಮನಿಗೆ ಆ ಹುಡುಗಿ ಹಿಡಿಸಿದಳು. ಆದರೆ ಆ ವರ್ಷದ ಬೆಳೆ ತೆಳುವೆಂದು ಅವರಿಗೆ ಖಾತ್ರಿಯಾಯಿತು. ಮೊದಲ ಸುತ್ತಿನಲ್ಲಿ ಕೂಗುವ ಎಂಟು ಹೆಸರುಗಳಲ್ಲಿ ಒಂದೂ ಈಗಲೇ ಅಂಕಣಕ್ಕೆ ಇಳಿಸುವಂಥದ್ದಲ್ಲ.

ಹಾಗೆಂದು ಹೇಳಿದಾಗ ಗೌಡರಿಗೆ ನಗು ಬಂತು. "ಏನ್ ಮೇಡಂ, ಪೇಪರ್‌ನೋರೆಲ್ಲಾ ರಂಜಿತಾ ರಂಜಿತಾ ಅಂತಾವ್ರೆ. ಇರೋರಲ್ಲಿ ಅವಳೇ ಮೇಲು."

"ಇರೋರಲ್ಲಿ ಮೇಲು ನಿಜ ಗೌಡ್ರೇ. ಮರ ಇಲ್ಲದ ಊರಲ್ಲಿ ಔಡಲ ಗಿಡವೇ ಮಹಾವೃಕ್ಷ. ಹಂಗಂತ ತೊಲೆಗೆ ಕೊಯ್ಸಕ್ಕಾಯ್ತದಾ?"

"ಮತ್ತೆ ಸರದಿ ನಮ್ದು ಬಂದದಲ್ಲ. ಸುಮ್ನೆ ಬುಟ್ಬುಡಾದಾ?"

ಬಿಡುವುದು ಬೇಡ, ಬದಲಾಯಿಸಿಕೊಳ್ಳೋಣ ಎಂದರು ಸಾಕಮ್ಮ. ಒಂದು ತಂಡ ತನ್ನ ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು ಅಲ್ಲಿಂದ ಆಟಗಾರರನ್ನು ಪಡೆಯಬಹುದು ಎಂದು ನಿಯಮದಲ್ಲಿತ್ತು. ಅಮೆರಿಕದಿಂದ ತಂದ ಪದ್ಧತಿಯಲ್ಲಿ ಅದೂ ಸೇರಿಕೊಂಡು ಬಂದಿತ್ತು. ಯಾರೂ ಓದಿರಲಿಲ್ಲ, ಸಾಕಮ್ಮ ಓದಿದ್ದರು. ಹಳೇಪೇಟೆ ತಂಡದಲ್ಲಿ ಕೆಂಪಾಜಮ್ಮ ಎಂಬಾಕೆ ಇದ್ದಳು. ಮೂವತ್ತನಾಲ್ಕು ವರ್ಷ, ಇಬ್ಬರು ಮಕ್ಕಳ ತಾಯಿ. ವಯಸ್ಸಾಯಿತೆಂದು ಆ ತಂಡದವರು ಅವಳನ್ನು ಆಡಿಸದೆ ಕೂರಿಸಿದ್ದರು. ಮೂಲೆಯಲ್ಲಿ ನಿಂತು ರೈಡರಿನ ಕಾಲು ಹಿಡಿದಳೆಂದರೆ ಉಡ ಹಿಡಿದ ಹಾಗೆ.

ಗೌಡರ ಮುಖ ಸಣ್ಣಗಾಯಿತು. "ಹುಲಿ ತತ್ತೀನಿ ಅಂತ ಊರಿಗೆಲ್ಲಾ ಹೇಳ್ಬುಟ್ಟು, ಎರಡು ಮಕ್ಳ ತಾಯಿನ ತಂದು ನಿಲ್ಸದಾ? ಆ ಫ್ಲೆಕ್ಸ್ ಏನ್ ಮಾಡ್ಲಿ ನಾನು?"

"ಫ್ಲೆಕ್ಸು ರೈಡ್ ಮಾಡಲ್ಲ ಗೌಡ್ರೇ."

ಗೌಡರು ಕೊನೆಗೆ ಒಪ್ಪಿದರು: "ಆಗ್ಲಿ, ನಿಮ್ಮಿಷ್ಟ. ಆದ್ರೆ ಈ ಸಲ ಎಂಟನೇದು ಬಂದ್ರೆ ಆ ಮಕ್ಳ ಮುಂದೆ ನಿಂತ್ಕೊಂಡು ನೀವೇ ಉತ್ತರ ಹೇಳ್ಬೇಕು."

ಆ ಮಾತು ಸಾಕಮ್ಮನ ಎದೆಗೆ ನಾಟಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವರಿಗೆ ಹೆದರಿಕೆಯೇ. ಆದರೂ ಮಾತು ಬದಲಿಸಲಿಲ್ಲ.

ಆಯ್ಕೆಯ ದಿನ ಸಭಾಂಗಣ ತುಂಬಿತ್ತು. ಕಲ್ಲುಕೊಪ್ಪಲಿನವರು ಕೆಂಪಾಜಮ್ಮನಿಗಾಗಿ ಹಳೇಪೇಟೆಗೆ ಸರದಿ ಬಿಟ್ಟುಕೊಟ್ಟರೆಂದು ಮೈಕಿನಲ್ಲಿ ಕೂಗಿದಾಗ ಜನ ಗೊಳ್ಳೆಂದು ನಕ್ಕರು. ಹಳೇಪೇಟೆಯವರು ರಂಜಿತಾಳ ಹೆಸರು ಹೇಳಿದರು. ಅವಳ ಕೊರಳಿಗೆ ಆಳುದ್ದದ ಹಾರ ಬಿತ್ತು, ತಮಟೆ ಬಡಿದರು. ಹಾರದೊಳಗಿಂದ ಆ ಹುಡುಗಿಯ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಉಳಿದ ತಂಡಗಳೂ ಒಂದೊಂದು ಹೆಸರು ಕೂಗಿದವು, ಹಳೇಪೇಟೆಯವರು ತಮ್ಮ ಸ್ವಂತ ಸರದಿಯಲ್ಲಿ ಇನ್ನೊಂದು. ಯಾರಿಗೂ ನಂಬಿಕೆಯಿರಲಿಲ್ಲ. ಸರದಿ ಬಂದಿತ್ತು, ಹಾರ ತಂದಾಗಿತ್ತು, ಕೂಗಿದರು.

ಆಟ ಶುರುವಾದ ಮೇಲೆ ಬಣ್ಣ ಬಯಲಾಯಿತು. ಹಾರ ಹಾಕಿಸಿಕೊಂಡ ಎಂಟು ಜನರಲ್ಲಿ ಆರು ಮಂದಿ ನಾಲ್ಕನೇ ಪಂದ್ಯದ ಹೊತ್ತಿಗೆ ಬೆಂಚಿನ ಮೇಲಿದ್ದರು. ರಂಜಿತಾ ಗಾಳಿಯ ಹಾಗೆ ನುಗ್ಗುತ್ತಿದ್ದಳು, ವಾಪಸು ಬರುವ ದಾರಿ ಗೊತ್ತಿರಲಿಲ್ಲ. ಅವಳು ಸಿಕ್ಕಿಬಿದ್ದಾಗಲೆಲ್ಲ ಜನ "ನಂಬರ್ ಒನ್ನು, ನಂಬರ್ ಒನ್ನು" ಎಂದು ರೇಗಿಸಿದರು. ಬೇರೆಯವರು ಸೋತರೆ ಬರಿಯ ಸೋಲು, ಅವಳು ಸೋತರೆ ಮೋಸ ಎನ್ನುವಂತೆ ಮಾತಾಡಿದರು. ವರ್ಷದ ಕೊನೆಗೆ ಹಳೇಪೇಟೆಯವರು ಅವಳನ್ನು ಕೈಬಿಟ್ಟರು.

ಕಲ್ಲುಕೊಪ್ಪಲಿನವರು ಕಪ್ಪು ಗೆದ್ದರೆಂದು ನೀವು ಕಾಯುತ್ತಿದ್ದರೆ, ಇಲ್ಲ, ಗೆಲ್ಲಲಿಲ್ಲ. ಐದನೆಯವರಾದರು. ಕೆಂಪಾಜಮ್ಮ ಹಿಡಿದದ್ದನ್ನು ಬಿಡಲಿಲ್ಲ, ಪಕ್ಕದ ಹುಡುಗಿಯರಿಗೂ ಹಿಡಿಯುವುದನ್ನು ಕಲಿಸಿದಳು. ತಂಡ ಲೀಗಿನಲ್ಲಿ ಉಳಿಯಿತು. ಹನ್ನೊಂದು ಹುಡುಗಿಯರೂ ಉಳಿದರು. ಖಾಲಿ ವೃತ್ತದ ಫ್ಲೆಕ್ಸ್ ಗಿರಣಿಯ ಅಂಗಳದಲ್ಲಿ ಭತ್ತ ಒಣಗಿಸಲು ಒದಗಿತು.

ಮರುವರ್ಷ ಮತ್ತೆ ಆಯ್ಕೆ. ಮೊದಲ ಸುತ್ತು ಮುಗಿಯಿತು, ಹಾರಗಳು ಮುಗಿದವು, ಜನ ಊಟಕ್ಕೆ ಎದ್ದರು. ಕೊನೆಯ ಸುತ್ತಿಗೆ ಬರುವಾಗ ಸಭಾಂಗಣದಲ್ಲಿ ಕುರ್ಚಿ ಮಡಚುವವರೇ ಹೆಚ್ಚು. ಉಳಿದ ಹೆಸರುಗಳ ಪಟ್ಟಿಯ ತಳದಲ್ಲಿ ರಂಜಿತಾಳ ಹೆಸರಿತ್ತು. ಅವಳು ಹಿಂದಿನ ಸಾಲಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತೆನ್ನುವವಳ ಹಾಗೆ ಕೂತಿದ್ದಳು.

ಸಾಕಮ್ಮ ಎದ್ದು ನಿಂತು ಅವಳ ಹೆಸರು ಹೇಳಿದರು.

ಗೌಡರು ಅವರ ತೋಳಿನ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಇದೇನ್ ಮೇಡಂ? ಹೋದ್ ವರ್ಷ ಕೊಡ್ತೀವಿ ಅಂದ್ರೂ ನೀವೇ ಬ್ಯಾಡ ಅಂದ ಹುಡುಗಿ ಅಲ್ವಾ ಇವಳು?"

"ಹೋದ್ ವರ್ಷ ಮೊದಲನೇ ನಂಬರ್ ಕೊಡ್ತಿದ್ರು ಗೌಡ್ರೇ. ಈ ವರ್ಷ ಹುಡುಗೀನ ಕೊಡ್ತಾವ್ರೆ."

ರಂಜಿತಾ ಮುಂದೆ ಬಂದಳು. ಹಾರವಿಲ್ಲ, ತಮಟೆಯಿಲ್ಲ. ಸಾಕಮ್ಮ ಅದೇ ಪ್ರಶ್ನೆ ಕೇಳಿದರು. "ಬೋನಸ್ ಗೆರೆ ದಾಟಿದ್ ಮೇಲೆ ಯಾರನ್ನ ನೋಡ್ಬೇಕವ್ವ?"

"ಮೂಲೇಲಿ ನಿಂತಿರೋರ ಕೈ ನೋಡ್ಬೇಕು ಮೇಡಂ," ಎಂದಳು ಹುಡುಗಿ. "ಹದಿನಾಲ್ಕು ಸಲ ಸಿಕ್ಕಾಕೊಂಡೆ. ಅದ್ರಲ್ಲಿ ಮೂರು ಸಲ ನಿಮ್ಮ ಕೆಂಪಾಜಕ್ಕನ ಕೈಗೇ. ಆವಾಗ ಗೊತ್ತಾಯ್ತು."

ಸಾಕಮ್ಮ ಅವಳ ಚೀಲವನ್ನು ತಾವೇ ಎತ್ತಿಕೊಂಡರು. "ನಾಳೆ ಬೆಳಿಗ್ಗೆ ಆರು ಗಂಟೆಗೆ ಅಂಕಣಕ್ಕೆ ಬಾ. ಕೆಂಪಾಜಮ್ಮ ಕಾಯ್ತಿರ್ತಾಳೆ."

ನೀತಿ: ಮೊದಲು ಕೂಗಿದ ಹೆಸರು ಮೊದಲ ದರ್ಜೆಯದೇ ಆಗಿರಬೇಕೆಂದಿಲ್ಲ. ಬೆಳೆ ತೆಳುವಾದ ವರ್ಷ, ಸರದಿ ಬಂತೆಂಬ ಕಾರಣಕ್ಕೇ ಕೈ ಹಾಕಬೇಡಿ. ಹಾಗೆಯೇ, ನೀವು ಹಾಕಿದ ಹಾರದ ಭಾರಕ್ಕೆ ಒಬ್ಬರು ಕುಸಿದರೆ, ಅವರನ್ನು ಜೊಳ್ಳೆಂದು ತೂರಿಬಿಡಬೇಡಿ.