ಮಗ್ಗ ನಿಂತ ಬೀದಿ

“ಗುರುಗಳೇ, ಯುದ್ಧದಲ್ಲಿ ಊರು ಉಳಿದರೆ ನಾವು ಯಾರಿಗೆ ಋಣಿಗಳಾಗಿರಬೇಕು? ಆಯುಧ ಹಿಡಿದವರಿಗೋ, ಹಿಡಿಯದೆ ಮನೆಯಲ್ಲಿದ್ದವರಿಗೋ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕೋಟೆಯ ಕತೆ ಹೇಳಿದರು.

ಆ ಕೋಟೆಗೆ ಮೂರು ಕಡೆ ಬಂಡೆಯ ಬುಡ. ನಾಲ್ಕನೆಯ ಕಡೆ ಬರಿಯ ಮಣ್ಣು. ಮಣ್ಣಿನ ಕಡೆಯ ಗೋಡೆಗೆ ಬೆನ್ನು ಕೊಟ್ಟು ನೇಕಾರರ ಬೀದಿಯೊಂದಿತ್ತು. ನೆರೆಯ ರಾಜ ದಂಡು ಕೂಡಿಸುತ್ತಿದ್ದಾನೆಂಬ ಸುದ್ದಿ ಬಂದಾಗ ಕೋಟೆಯ ದಂಡನಾಯಕನಿಗೆ ಹತ್ತಿದ ಚಿಂತೆ ಒಂದೇ. ಏಣಿ ಹಾಕಿ ಹತ್ತುವವರನ್ನು ಅವನ ಸೈನಿಕರು ತಡೆದಾರು. ಆದರೆ ಶತ್ರು ದೂರದಿಂದ ಸುರಂಗ ತೋಡುತ್ತ ಬಂದು ಗೋಡೆಯ ಬುಡವನ್ನೇ ಟೊಳ್ಳು ಮಾಡಿದರೆ, ಗೋಡೆ ಬೀಳುವವರೆಗೂ ಯಾರಿಗೂ ತಿಳಿಯುವುದಿಲ್ಲ. ಗೋಡೆ ಬಿದ್ದರೆ ಊರು ಉಳಿಯುವುದಿಲ್ಲ.

ನೆಲದೊಳಗಿನ ಅಗೆತ ಕಿವಿಗೆ ಕೇಳದಿದ್ದರೂ ನೀರಿಗೆ ತಿಳಿಯುತ್ತದೆಂದು ಅವನು ಬಲ್ಲ. ಅಗಲವಾದ ಹರಿವಾಣದಲ್ಲಿ ನೀರು ತುಂಬಿ ನೆಲಮಟ್ಟಕ್ಕಿಂತ ಕೆಳಗೆ ಇಟ್ಟರೆ ಅದು ನಡುಗಿ ಹೇಳುತ್ತದೆ. ನೇಕಾರರ ಮನೆಗಳಲ್ಲಿ ಅಂಥ ಜಾಗ ಮೊದಲೇ ಇತ್ತು: ನೇಯುವವನು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿ. ಆದರೆ ಮಗ್ಗ ಆಡುತ್ತಿದ್ದರೆ ನೀರು ಅಲುಗದೆ ನಿಲ್ಲದು.

ದಂಡನಾಯಕ ಡಂಗುರ ಹೊಡೆಸಿದ. ಬೀದಿಯ ಮಗ್ಗಗಳೆಲ್ಲ ನಿಲ್ಲಬೇಕು. ಪ್ರತಿ ಗುಂಡಿಯಲ್ಲೂ ನೀರಿನ ಹರಿವಾಣವಿರಬೇಕು. ಮನೆಯವರು ಸರದಿಯಂತೆ ನೋಡುತ್ತಿರಬೇಕು. ನೇಕಾರರು ಗೊಣಗಿಕೊಂಡೇ ಮಗ್ಗ ನಿಲ್ಲಿಸಿದರು. ಆದರೂ ನೀರು ಹಗಲೆಲ್ಲ ನಡುಗುತ್ತಲೇ ಇತ್ತು. ಇವರು ಕದ್ದು ನೇಯುತ್ತಿದ್ದಾರೆಂದು ಅನುಮಾನಿಸಿ ದಂಡನಾಯಕ ತಾನೇ ಬೀದಿಗೆ ಬಂದ. ಒಬ್ಬ ನೇಕಾರನ ಹೆಂಡತಿ ಅವನನ್ನು ಒಳಗೆ ಕರೆದು ಗುಂಡಿಯ ಪಕ್ಕ ಕೂರಿಸಿದಳು. ಮನೆಯೊಳಗೆ ಸದ್ದಿರಲಿಲ್ಲ. ಬೀದಿಯ ಆಚೆಯ ಬಯಲಿನಲ್ಲಿ ಅವನದೇ ಕುದುರೆಗಳ ಕವಾಯತು ನಡೆದಿತ್ತು.

“ನಾಯಕರೇ, ಮಗ್ಗಕ್ಕೆ ನೀವು ಹೇಳಿದಿರಿ, ಅದು ಕೇಳಿತು. ನಿಮ್ಮ ಕುದುರೆಗಳಿಗೆ ನಾವು ಹೇಳಿದರೆ ಕೇಳುತ್ತವೆಯೇ?” ಎಂದಳು ಆಕೆ.

ದಂಡನಾಯಕನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಡಂಗುರದವನನ್ನು ಕಳಿಸದೆ ತಾನೇ ರೈತರಲ್ಲಿಗೆ ಹೋಗಿ, ಬೀದಿಯಿಂದ ದೂರವಿದ್ದ ಅವರ ಕಣಗಳನ್ನು ಕುದುರೆಗಳ ಕವಾಯತಿಗಾಗಿ ಕೇಳಿದ. ಒಕ್ಕಣೆ ಇನ್ನೂ ಮುಗಿದಿರಲಿಲ್ಲ. ಆದರೂ ಅವರು ಕೊಟ್ಟರು. ಮಗ್ಗ ನಿಂತ ಮನೆಗಳಿಗೆ ದಂಡಿನ ಕಣಜದಿಂದ, ಸೈನಿಕನಿಗೆ ಸಲ್ಲುವಷ್ಟೇ ಧಾನ್ಯ ಹೋಗತೊಡಗಿತು. ಸೈನಿಕರಿಗೆ ಇದು ಸರಿಬೀಳಲಿಲ್ಲ. ನೀರು ನೋಡುತ್ತ ಕೂರುವುದಕ್ಕೂ ಪಡಿಯೇ ಎಂದು ಆಡಿಕೊಂಡರು.

ಆಡಿಕೊಂಡವರನ್ನೇ ಆರಿಸಿ ದಂಡನಾಯಕ ಕೋಟೆಯ ಹೊರಗೆ ಕಳಿಸಿದ. ಶತ್ರುವಿನಂತೆ ಗುಟ್ಟಾಗಿ ಅಗೆಯುವುದು ಅವರ ಕೆಲಸ. ಕಂಡುಹಿಡಿಯುವುದು ಬೀದಿಯ ಕೆಲಸ. ಮೊದಲ ಸಲ ಬೀದಿ ಸೋತಿತು. ಹಾದುಹೋದ ಎತ್ತಿನ ಗಾಡಿಯನ್ನೇ ಸುರಂಗವೆಂದು ಕೂಗಿ, ನಿಜವಾದ ಗುದ್ದಲಿಯನ್ನು ಗಮನಿಸದೆ ಬಿಟ್ಟಿತು. ಸೈನಿಕರು ಮನಸಾರೆ ನಕ್ಕರು. ಬೀದಿಯ ಹೆಂಗಸರು ಛಲ ಬಿಡಲಿಲ್ಲ. ಗಾಡಿಗೆ ನೀರು ಒಮ್ಮೆಲೇ ಕದಡಿ ಸುಮ್ಮನಾಗುತ್ತದೆ, ಗುದ್ದಲಿಗೆ ತಡೆತಡೆದು ನವಿರಾಗಿ ನಡುಗುತ್ತದೆ ಎಂದು ಕಲಿತರು. ಒಂದು ಮನೆಯ ನೀರನ್ನು ಪಕ್ಕದ ಮನೆಯ ನೀರಿನೊಡನೆ ಹೋಲಿಸಿ ಜಾಗ ಗೊತ್ತುಮಾಡುವುದನ್ನೂ ಕಲಿತರು. ಎಲ್ಲಿ ತಪ್ಪಿದರೆಂದು ಹೇಳಿಕೊಡಲು, ನಕ್ಕ ಸೈನಿಕರೇ ಬಂದು ಗುಂಡಿಯ ಪಕ್ಕ ಕೂರುವಂತಾಯಿತು.

ಒಂದು ಮಧ್ಯಾಹ್ನ ಆ ಸೈನಿಕರು ಯಾರಿಗೂ ಸುಳಿವು ಕೊಡದೆ, ಗೋಡೆಯ ಬುಡದ ಪೊದೆಗಳ ಮರೆಯಲ್ಲಿ ಹೊಸದಾಗಿ ಅಗೆಯುತ್ತಿದ್ದರು. ಹಗ್ಗಕ್ಕೆ ಕಟ್ಟಿದ ಗಡಿಗೆಯೊಂದು ಮೇಲಿನಿಂದ ಇಳಿದು ಬಂದು ಅವರ ಹೊಂಡದ ಬಾಯಿಗೇ ನಿಂತಿತು. ಅದರ ತುಂಬ ಮಜ್ಜಿಗೆ.

“ದಣಿದಿದ್ದೀರಿ, ಕುಡಿಯಿರಪ್ಪ,” ಎಂದು ಗೋಡೆಯ ಮೇಲಿನಿಂದ ಆ ನೇಕಾರನ ಹೆಂಡತಿ ಹೇಳಿದಳು. “ಇನ್ನೊಂದಿಷ್ಟು ಎಡಕ್ಕೆ ಅಗೆದಿದ್ದರೆ ನೇರ ನಮ್ಮ ಅಡುಗೆಮನೆಗೇ ಬರುತ್ತಿದ್ದಿರಿ. ಊಟವನ್ನೂ ಮುಗಿಸಿಕೊಂಡು ಹೋಗಬಹುದಿತ್ತು.”

ಪಡಿಯ ಮಾತನ್ನು ಸೈನಿಕರು ಮತ್ತೆ ಎತ್ತಲಿಲ್ಲ. ಸುದ್ದಿ ತಿಳಿದ ದಂಡನಾಯಕ ಆ ಮನೆಗೆ ಹೋಗಿ ತನಗೂ ಒಂದು ಲೋಟ ಮಜ್ಜಿಗೆ ಕೇಳಿ ಕುಡಿದ. ಇಷ್ಟು ದಿನ ತಾನು ಕೋಟೆಯನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದವನಿಗೆ, ತನ್ನನ್ನೂ ಕಾಯುವವರಿದ್ದಾರೆ ಎಂದು ಅಂದು ಮೊದಲ ಬಾರಿಗೆ ಅನ್ನಿಸಿತು.

ಶತ್ರು ಬಂದ. ಏಣಿ ಹಾಕಿ ಸೋತ. ಆಮೇಲೆ ಸುಮ್ಮನಾದ. ಆ ಸುಮ್ಮನಿರುವಿಕೆಯ ಅರ್ಥ ಬೀದಿಗೆ ತಿಳಿದಿತ್ತು. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಬೀದಿಯವರು ದಂಡನಾಯಕನ ಬಾಗಿಲು ತಟ್ಟಿ, ಸುರಂಗ ಬರುತ್ತಿದೆಯೆಂದೂ ಯಾವ ಮನೆಯ ನೇರಕ್ಕೆ ಬರುತ್ತಿದೆಯೆಂದೂ ಹೇಳಿದರು. ಸೈನಿಕರು ಒಳಗಿನಿಂದ ಅದಕ್ಕೆ ಎದುರಾಗಿ ತೋಡಿದರು. ರೈತರೂ ನೇಕಾರರೂ ಸಾಲಾಗಿ ನಿಂತು, ಬಾವಿಯ ನೀರನ್ನು ಕೊಡಗಳಲ್ಲಿ ಕೈಯಿಂದ ಕೈಗೆ ದಾಟಿಸಿ ಅದರೊಳಗೆ ಸುರಿದರು. ಸುರಂಗ ಗೋಡೆಯನ್ನು ಮುಟ್ಟುವ ಮೊದಲೇ ಕುಸಿಯಿತು. ಬೇರೆ ದಾರಿ ಕಾಣದೆ ಶತ್ರು ಮುತ್ತಿಗೆ ತೆಗೆದು ಮರಳಿದ.

ಮಗ್ಗಗಳು ಮತ್ತೆ ಆಡಿದ ದಿನ ದಂಡನಾಯಕ ಬೀದಿಯ ಪ್ರತಿ ಬಾಗಿಲಿಗೂ ಹೋಗಿ ಕೈಮುಗಿದ. ಬೀದಿಯವರು ಮತ್ತೆ ನೇಯ್ದ ಮೊದಲ ಪಂಚೆಗಳನ್ನು ಸೈನಿಕರಿಗೂ ಕಣ ಬಿಟ್ಟುಕೊಟ್ಟ ರೈತರಿಗೂ ಹಂಚಿದರು. ಉಪಕಾರ ಯಾರಿಂದ ಯಾರಿಗೆ ಆಯಿತೆಂಬ ಬಗ್ಗೆ ಹಂಚುವಾಗ ಅಲ್ಲಿ ಸಣ್ಣ ಜಗಳವೂ ನಡೆಯಿತು. ಪ್ರತಿಯೊಬ್ಬರೂ ಅದನ್ನು ಇನ್ನೊಬ್ಬರ ಹೆಸರಿಗೇ ಹಾಕುತ್ತಿದ್ದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆ ಕೋಟೆಯ ಹಾಡನ್ನು ನಾನೂ ಕೇಳಿದ್ದೇನೆ, ಗುರುಗಳೇ. ದಂಡನಾಯಕ ಮಲಗಿದ್ದಾಗ ದೇವಿ ಕನಸಿನಲ್ಲಿ ಬಂದು ಸುರಂಗದ ಜಾಗ ತೋರಿಸಿದಳೆಂದು ಹಾಡುತ್ತಾರೆ. ತಾವು ಅದನ್ನು ಹೇಳಲೇ ಇಲ್ಲ. ಹಾಗಾದರೆ ಆ ಹಾಡು ಸುಳ್ಳೇ?”

ಗುರುಗಳು ಹೇಳಿದರು: “ಪೂರ್ತಿ ಸುಳ್ಳಲ್ಲ. ಶತ್ರು ಗೋಡೆಯ ಬುಡ ಅಗೆಯುತ್ತಿದ್ದಾಗ ದಂಡನಾಯಕ ನಿಶ್ಚಿಂತೆಯಿಂದ ಮಲಗಿದ್ದ.”