ಗೆಲುವಿಲ್ಲದ ಆಟ ಕಲಿತ ಪೈಲ್ವಾನ

ಹೊಳೆದಂಡೆಯ ಒಂದು ಊರಿನಲ್ಲಿ ಕೆಂಡಗಣ್ಣ ಎಂಬ ಪೈಲ್ವಾನನಿದ್ದ. ಅವನು ನಡೆದು ಬಂದರೆ ಬೀದಿ ಕಿರಿದಾಗುತ್ತಿತ್ತು. ಕೂತರೆ ಬೆಂಚು ನರಳುತ್ತಿತ್ತು. ಗರಡಿಯಲ್ಲಿ ಅವನ ಎದುರು ನಿಂತವರು ಸ್ವಲ್ಪ ಹೊತ್ತಿಗೆಲ್ಲ ಅಂಗಾತ ಬಿದ್ದು ಸೂರಿನ ಹೆಂಚು ನೋಡುತ್ತಿದ್ದರು.

ಅಂಥವನಿಗೆ ಒಂದೇ ಒಂದು ಕೊರತೆ. ಕುಸ್ತಿಯ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ದೀಪ ಆರಿಸಿದ ಕೂಡಲೇ ತಲೆಯೊಳಗೆ ಕುಸ್ತಿ ಶುರುವಾಗುತ್ತಿತ್ತು. ಅವನು ಹೀಗೆ ಬಂದರೆ ಧೋಬಿ ಪಟ್ಟು, ಹಾಗೆ ಬಂದರೆ ಕಾಲಿಗೆ ಕೈ. ಬೆಳಗಾಗುವುದರೊಳಗೆ ಎದುರಾಳಿಯನ್ನು ಹಾಸಿಗೆಯಲ್ಲೇ ಹತ್ತಾರು ಸಲ ಕೆಡವಿ, ಅಖಾಡಕ್ಕೆ ಇಳಿಯುವ ಹೊತ್ತಿಗೆ ತಾನೇ ಬೀಳುವ ಹಾಗಾಗಿರುತ್ತಿದ್ದ.

ಹೋದ ವರ್ಷ ಆದದ್ದೂ ಅದೇ. ಹೊಳೆಯ ಈಚೆಯ ಊರಿಗೂ ಆಚೆಯ ಊರಿಗೂ ವರ್ಷಕ್ಕೊಂದು ದೊಡ್ಡ ಕುಸ್ತಿ. ಗೆದ್ದ ಗರಡಿಗೆ ಬೆಳ್ಳಿ ಗದೆ. ಗರಡಿಯ ಗುರು ಉಸ್ತಾದ್ ಬುಡನ್ ಸಾಬರ ಕಾಲದುದ್ದಕ್ಕೂ ಈಚೆಯ ಗರಡಿಯ ಗೋಡೆ ಬಿಟ್ಟು ಕದಲದಿದ್ದ ಆ ಗದೆ, ಕೆಂಡಗಣ್ಣನ ಕೆಂಪುಗಣ್ಣಿನ ದೆಸೆಯಿಂದ ದೋಣಿ ಹತ್ತಿ ಆಚೆಗೆ ಹೋಯಿತು. ಗೋಡೆಯಲ್ಲಿ ಮೊಳೆ ಮಾತ್ರ ಉಳಿಯಿತು.

ಈ ವರ್ಷದ ಕುಸ್ತಿ ಹತ್ತಿರ ಬಂದಾಗ ಬುಡನ್ ಸಾಬರು ಶಿಷ್ಯನನ್ನು ಕರೆದು ಕೂರಿಸಿಕೊಂಡರು.

“ಬೇಟಾ, ನಿನಗಿಂತ ಬಲವಾದವನ ಕೈಲಿ ಸೋತು ಬಾ. ನಾನೇ ಎದುರು ಬಂದು ತಬ್ಕೋತೀನಿ. ನಿದ್ದೆಗಣ್ಣಲ್ಲಿ ಸೋತು ಬಂದ್ರೆ ಮಾತ್ರ ಈ ಗರಡಿ ಹೊಸ್ತಿಲು ತುಳೀಬೇಡ.”

ಕೆಂಡಗಣ್ಣನಿಗೆ ಗರಡಿ ಬಿಟ್ಟರೆ ಬೇರೆ ಲೋಕವಿರಲಿಲ್ಲ. ಅವನು ಊರವರ ಸಲಹೆ ಕೇಳಿದ. ನಿದ್ದೆ ಬಾರದವನಿಗೆ ಸಲಹೆ ಕೊಡುವವರು ಯಾವ ಊರಿಗೆ ಹೋದರೂ ಸಿಗುತ್ತಾರೆ. ಅವರೆಲ್ಲ ತಲೆ ಕೊಟ್ಟ ಕಡೆ ಗೊರಕೆ ಹೊಡೆಯುವವರೇ. ಗಸಗಸೆ ಹಾಲು ಕುಡಿ ಅಂದರು, ಕುಡಿದ. ನೆತ್ತಿಗೆ ಹರಳೆಣ್ಣೆ ತಟ್ಟು ಅಂದರು, ತಟ್ಟಿಕೊಂಡ. ಇನ್ನಷ್ಟು ಬಸ್ಕಿ ಹೊಡೆದು ಸುಸ್ತಾಗು ಅಂದರು. ಹೊಡೆದ. ಮೈ ಸುಸ್ತಾಯಿತು, ತಲೆ ಇನ್ನೂ ಚುರುಕಾಯಿತು.

ಅವನ ಹೆಂಡತಿ ದೇವೀರಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಅವಳು ಹೆಣ್ಣುಮಕ್ಕಳೇ ತುಂಬಿದ್ದ ಮನೆಯಲ್ಲಿ ಬೆಳೆದವಳು. ಒಂದೇ ಚಾಪೆಯಲ್ಲಿ ಸಾಲಾಗಿ ಮಲಗಿದ ತಂಗಿಯರ ಕಿತಾಪತಿ ಅಡಗಿಸಲು ಅವಳು ಮಾತಿನಾಟ ಆಡಿಸುತ್ತಿದ್ದಳು. ಒಬ್ಬೊಬ್ಬರೇ ಮಾತು ನಿಲ್ಲಿಸಿ ನಿದ್ದೆ ಹೋಗುತ್ತಿದ್ದರು.

“ಏನೂಂದ್ರೆ, ಒಂದು ಆಟ ಆಡಾಣ ಬನ್ನಿ,” ಅಂದಳು ಅವತ್ತು ರಾತ್ರಿ. “ನಾನೊಂದು ಪದ ಹೇಳ್ತೀನಿ. ಅದರ ಕೊನೇ ಅಕ್ಷರದಿಂದ ನೀವೊಂದು ಹೇಳಿ. ಹೇಳ್ತಾ ಹೇಳ್ತಾ ನಿದ್ದೆ ಬತ್ತದೆ. ಮಲ್ಲಿಗೆ.”

“ಗೆಜ್ಜೆ.”

“ಜೇನು.”

“ನುಚ್ಚು.”

ಅಲ್ಲಿಯವರೆಗೆ ಸರಿಯಾಗಿತ್ತು. ಅಷ್ಟರಲ್ಲಿ ಪೈಲ್ವಾನನಿಗೆ ಇದೊಂದು ಪಂದ್ಯ ಅನ್ನುವುದು ಹೊಳೆದುಬಿಟ್ಟಿತು. ಎದ್ದು ಕೂತ. ಇನ್ನೂ ನಾಲ್ಕಾರು ಪದಗಳಾಗಿ, ಅವಳು “ಕನಕಾಂಬರ” ಅಂದದ್ದೇ ತಡ, “ರಣ!” ಅಂತ ಗುಡುಗಿದ.

“ಣ ಅಂತ ಶುರುವಾಗೋ ಪದ ಎಲ್ಲೈತ್ರೀ?”

“ಇಲ್ವಲ್ಲಾ! ಹಂಗಾದ್ರೆ ಬಿದ್ದೆ ಕಣಮ್ಮಿ!” ಎಂದು ಫಟ್ಟನೆ ತೊಡೆ ತಟ್ಟಿದ.

ಆ ಸದ್ದಿಗೆ ತೊಲೆಯ ಮೇಲಿನ ಪಾರಿವಾಳ ಎದ್ದು ಹಾರಿತು. ಪಕ್ಕದ ಮನೆಯಿಂದ ಯಾರೋ ಕೂಗಿದರು: “ಹಗಲೆಲ್ಲಾ ಗರಡೀಲಿ ಆಯ್ತು, ಈಗ ಮನೆಯೊಳಗೂ ಕುಸ್ತಿಯಾ? ಮಲಗ್ರಪ್ಪಾ!”

ಮಾರನೆಯ ರಾತ್ರಿ ದೇವೀರಮ್ಮ ಆಟದ ನಿಯಮ ಬದಲಿಸಿದಳು. “ಇವತ್ತು ಯಾರು ಮೊದಲು ನಿದ್ದೆ ಮಾಡ್ತಾರೋ ಅವರೇ ಗೆದ್ದಂಗೆ.”

ಗೆಲ್ಲುವುದು ಅಂದರೆ ಕೆಂಡಗಣ್ಣನಿಗೆ ಹೇಳಬೇಕೆ? ನಾಲ್ಕು ಪದ ಆಗುವುದರೊಳಗೆ ಕಣ್ಣನ್ನು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ಮುಷ್ಟಿ ಹಿಡಿದು ನಿದ್ದೆ ಮಾಡತೊಡಗಿದ. ಹಣೆಯಲ್ಲಿ ಬೆವರು ಕಿತ್ತುಬಂತು.

ದೇವೀರಮ್ಮ ಮೆಲ್ಲಗೆ ಕೇಳಿದಳು: “ನಿದ್ದೆ ಬಂತಾ?”

“ಓ, ಬಂತು! ನಾನೇ ಗೆದ್ದೆ!”

ದೇವೀರಮ್ಮ ಎದ್ದು ಕೂತಳು. ನಗಬೇಕೋ ಅಳಬೇಕೋ ತಿಳಿಯದೆ ಒಂದು ಚೊಂಬು ನೀರು ಕುಡಿದಳು. ಆಮೇಲೆ ಗಂಡನನ್ನು ಕೇಳಿದಳು.

“ದಿನಾ ಬೆಳಗ್ಗೆ ಎದ್ದು ಗರಡಿ ಮಣ್ಣು ಯಾಕ್ರೀ ಅಗೀತೀರಿ?”

“ಅಷ್ಟೂ ಗೊತ್ತಿಲ್ವಾ? ಮಣ್ಣು ಗಟ್ಟಿಯಾದ್ರೆ ಬಿದ್ದೋನ ಮೂಳೆ ಮುರೀತದೆ. ಅಗೆದು, ಎಣ್ಣೆ ಬಿಟ್ಟು, ಅರಿಶಿನ ಹಾಕಿ ಸಡಿಲ ಮಾಡಬೇಕು.”

“ಅಗೆಯೋವಾಗ ಮಣ್ಣಿನ ಜೊತೆ ಕುಸ್ತಿ ಆಡ್ತೀರಾ?”

“ಮಣ್ಣಿನ ಜೊತೆ ಯಾವನಾದ್ರೂ ಕುಸ್ತಿ ಆಡ್ತಾನಾ? ಅಗೆಯೋದು ಅಷ್ಟೇ.”

“ಹಂಗಾದ್ರೆ ತಿಳ್ಕೊಳ್ಳಿ. ಈ ಆಟಾನೂ ಅಷ್ಟೇ. ಹಗಲೆಲ್ಲಾ ತುಳಿದೂ ತುಳಿದೂ ನಿಮ್ಮ ತಲೆ ಗಟ್ಟಿ ನೆಲ ಆಗೈತೆ. ಒಂದೊಂದು ಪದ ಹೇಳಿ ಅದನ್ನ ಸಡಿಲ ಮಾಡಬೇಕು. ಇನ್ಮೇಲೆ ಈ ಆಟದಲ್ಲಿ ಗೆದ್ದೋರಿಲ್ಲ, ಸೋತೋರಿಲ್ಲ. ಒಂದು ಅಕ್ಷರ ತಗೊಳ್ಳಾದು. ಒಂದು ಪದ ಹೇಳಾದು. ಕಣ್ಮುಚ್ಚಿ ಅದನ್ನ ಚೆನ್ನಾಗಿ ನೋಡಾದು. ನೋಡಿ ಮುಗಿದ ಮೇಲೆ ಇನ್ನೊಂದು.”

ಕೆಂಡಗಣ್ಣ ಕಕ್ಕಾಬಿಕ್ಕಿಯಾದ. “ಗೆಲ್ಲೋರೇ ಇಲ್ದಿದ್ರೆ ಆಡೋದು ಯಾಕೆ?”

“ಗದೆ ಬೇಕಾ ಬೇಡ್ವಾ?”

ಪೈಲ್ವಾನ ಮತ್ತೆ ಒಂದು ಮಗ್ಗುಲಾಗಿ ಒರಗಿದ.

“ಮೊದಲು ನೆಟ್ಟಗೆ ಮಲಗಿ,” ಅಂದಳು ದೇವೀರಮ್ಮ.

ಇಲ್ಲೊಂದು ಸಂಗತಿ ಹೇಳಬೇಕು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲು. ಅದಕ್ಕೇ ಕೆಂಡಗಣ್ಣ ಹಾಸಿಗೆಯಲ್ಲೂ ಬೆನ್ನು ತಾಗಿಸುತ್ತಿರಲಿಲ್ಲ. ಮೊಣಕೈ ಊರಿ, ಒಂದು ಮಗ್ಗುಲಾಗಿ, ಯಾರೋ ಈಗ ಮೇಲೆ ಬೀಳುತ್ತಾರೆ ಎನ್ನುವವನಂತೆ ಮಲಗುತ್ತಿದ್ದ. ಅವತ್ತು ಗದೆಯ ಆಸೆಗೆ ಹಲ್ಲು ಕಚ್ಚಿ, ಮೊದಲು ಒಂದು ಭುಜ, ಆಮೇಲೆ ಇನ್ನೊಂದು ಭುಜ, ಆಮೇಲೆ ಇಡೀ ಬೆನ್ನನ್ನು ಚಾಪೆಗೆ ಕೊಟ್ಟ. ಅವನ ಜೀವಮಾನದಲ್ಲೇ ಅಷ್ಟು ಕಷ್ಟದ ಪಟ್ಟು ಇನ್ನೊಂದಿರಲಿಲ್ಲ.

“ಇವತ್ತು ಮ,” ಅಂದಳು ದೇವೀರಮ್ಮ. “ಮಜ್ಜಿಗೆ.”

“ಮಲ್ಲಯುದ್ಧ!”

“ಅದು ಗರಡೀದು. ಬಾಗಿಲಾಚೆ ಇಟ್ಟು ಬನ್ನಿ. ತಣ್ಣಗಿರೋದು ಏನಾದ್ರೂ ಹೇಳಿ.”

ಅವನು ಬಹಳ ಹೊತ್ತು ಯೋಚಿಸಿದ. “ಮಡಕೆ,” ಅಂದ.

“ಎಂಥಾ ಮಡಕೆ?”

“ನಮ್ಮವ್ವನ ಮನೇದು. ಹೊರಗಡೆಯೆಲ್ಲಾ ನೀರು ಜಿನುಗೋದು. ಕೆನ್ನೆ ಇಟ್ರೆ ತಂಪಾಗಿರೋದು.”

“ಕೆನ್ನೆ ಇಟ್ಟು ನೋಡಿ. ಅವಸರ ಇಲ್ಲ.”

ಆ ರಾತ್ರಿ ಅವನಿಗೆ ನಿದ್ದೆ ಬಂದದ್ದು ಬಹಳ ತಡವಾಗಿ. ಮರುರಾತ್ರಿ ಸ್ವಲ್ಪ ಬೇಗ. ಅದರ ಮರುರಾತ್ರಿ ‘ಬ’ ಅಕ್ಷರ; ಬದನೆಕಾಯಿಯ ತೊಟ್ಟಿನವರೆಗೆ ಹೋದವನು ಕಾಯಿಯವರೆಗೆ ಬರಲೇ ಇಲ್ಲ. ಮಾತು ನಿಧಾನವಾಯಿತು, ಉಸಿರು ನಿಧಾನವಾಯಿತು. ಪಕ್ಕದ ಮನೆಯವರಿಗೂ ನೆಮ್ಮದಿಯಾಯಿತು.

ಕುಸ್ತಿಯ ಹಿಂದಿನ ರಾತ್ರಿ ಬಂತು. ಆಚೆ ದಡದಲ್ಲಿ ತಮಟೆಯೋ ತಮಟೆ. “ಗದೆ ನಮ್ದೇ!” ಅನ್ನುವ ಕೂಗು ನೀರಿನ ಮೇಲೆ ತೇಲಿ ಬಂದು ಕಿಟಕಿಯಲ್ಲಿ ನುಗ್ಗುತ್ತಿತ್ತು. ಕೆಂಡಗಣ್ಣನ ಮುಷ್ಟಿ ತಾನಾಗಿ ಬಿಗಿಯಿತು. ತಲೆಯೊಳಗೆ ಯಾರೋ ತೊಡೆ ತಟ್ಟಿದರು. ಅವನು ಆ ಕುಸ್ತಿಗೆ ಇಳಿಯಬಹುದಿತ್ತು. ಇಳಿಯಲಿಲ್ಲ. ಬೆನ್ನನ್ನು ಚಾಪೆಗೆ ಚೆಲ್ಲಿ, ಹೆಂಡತಿಯ ಕಡೆ ಮುಖ ತಿರುಗಿಸಿದ.

“ದೇವೀರಿ, ಇವತ್ತು ಯಾವ ಅಕ್ಷರ?”

“ಹ.”

“ಹಾಲು,” ಅಂದ ಕೆಂಡಗಣ್ಣ. ತುಸು ಹೊತ್ತಾಯಿತು. “ಹುಲ್ಲು... ಹಸಿ ಹುಲ್ಲು.” ತಮಟೆ ಎಲ್ಲೋ ದೂರವಾಯಿತು. “ಹಂಸ... ಹತ್ತಿ... ಹೊ...”

ಆ ‘ಹೊ’ ಮುಂದಕ್ಕೆ ಹೋಗಲಿಲ್ಲ. ಹೊಂಗೆಯೋ, ಹೊದಿಕೆಯೋ, ಹೊಳೆಯೋ ಎಂದು ಯೋಚಿಸುತ್ತಾ ದೇವೀರಮ್ಮನೇ ಸ್ವಲ್ಪ ಹೊತ್ತು ಎಚ್ಚರವಾಗಿದ್ದಳು.

ಬೆಳಗ್ಗೆ ಅಖಾಡದ ಸುತ್ತ ಎರಡೂ ಊರು ನೆರೆದಿತ್ತು. ಕೆಂಡಗಣ್ಣ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಎದುರಾಳಿಯ ಮುಖ ನೋಡಿದ. ಆಚೆ ಊರಿನ ಪೈಲ್ವಾನನ ಕಣ್ಣು ಕೆಂಡದಂತಿತ್ತು. ತನ್ನವರ ತಮಟೆಯೇ ಅವನನ್ನು ರಾತ್ರಿಯಿಡೀ ಮಲಗಲು ಬಿಟ್ಟಿರಲಿಲ್ಲ. ಬಲದಲ್ಲಿ ಇಬ್ಬರೂ ಸಮ. ಬಹಳ ಹೊತ್ತು ಯಾರೂ ಯಾರನ್ನೂ ಅಲುಗಿಸಲಾಗಲಿಲ್ಲ. ಆಮೇಲೆ ಎದುರಾಳಿಯ ರೆಪ್ಪೆ ಒಂದು ಕ್ಷಣ ಭಾರವಾಯಿತು, ಎಡಗಾಲು ತುಸು ಸಡಿಲವಾಯಿತು. ನಿದ್ದೆಯಿಂದ ತೊಳೆದ ಕಣ್ಣಿಗೆ ಅದು ಕಂಡಿತು. ಮರುಕ್ಷಣ ಆಚೆ ಊರಿನವನು ಆಕಾಶ ನೋಡುತ್ತಿದ್ದ.

ಬುಡನ್ ಸಾಬರು ಗದೆಯನ್ನು ಶಿಷ್ಯನ ಹೆಗಲಿಗೆ ಏರಿಸಿದರು. ಊರು ಕುಣಿಯುತ್ತಿತ್ತು. ಅಷ್ಟರಲ್ಲಿ ಸೋತವನು ಮೈ ಕೊಡವಿಕೊಂಡು ಹತ್ತಿರ ಬಂದ.

“ಅಣ್ಣಾ, ಒಂದು ಕೇಳ್ಲಾ? ಹೋದ ವರ್ಷ ನಿನ್ನ ಕಣ್ಣು ನನ್ನ ಈಗಿನ ಕಣ್ಣಿನಂಗೇ ಇತ್ತು. ಈ ವರ್ಷ ಮಗು ಕಣ್ಣಿನಂಗೈತೆ. ರಾತ್ರಿ ಹೆಂಗೆ ನಿದ್ದೆ ಮಾಡ್ದೆ? ಯಾವ ಉಸ್ತಾದು ಹೇಳ್ಕೊಟ್ಟಿದ್ದು?”

“ಹೇಳ್ಬ್ಯಾಡ!” ಎಂದು ಈಚೆಯವರು ಒಟ್ಟಿಗೆ ಕೂಗಿದರು. “ಹೇಳಿದ್ರೆ ಬರೋ ವರ್ಷ ಗದೆ ಮತ್ತೆ ದೋಣಿ ಹತ್ತಿಬಿಡ್ತದೆ!”

ಕೆಂಡಗಣ್ಣ ಹೆಂಗಸರು ನಿಂತಿದ್ದ ಕಡೆ ಕೈ ತೋರಿಸಿದ. “ನಮ್ಮನೆಯೋಳು. ದೇವೀರಮ್ಮ. ಅವಳೇ ನನ್ನ ಉಸ್ತಾದು.”

ಎರಡೂ ಊರಿನ ಕಣ್ಣು ದೇವೀರಮ್ಮನ ಕಡೆ ತಿರುಗಿತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆ ತಗ್ಗಿಸದೆ, ಅಷ್ಟು ಜನಕ್ಕೂ ಕೇಳುವ ಹಾಗೆ ಅಂದಳು: “ಹೇಳ್ಕೊಡಿ. ನಮ್ಮಪ್ಪನ ಮನೇಲಿ ನಿದ್ದೇನ ಬೀಗ ಹಾಕಿಡೋ ಪದ್ಧತಿ ಇರಲಿಲ್ಲ.”

ಕೆಂಡಗಣ್ಣ ಎದೆಯುಬ್ಬಿಸಿ ಎದುರಾಳಿಯ ಹೆಗಲ ಮೇಲೆ ಕೈ ಇಟ್ಟ.

“ಬಾ, ನಮ್ಮನೇಲಿ ಊಟ ಮಾಡು. ಆಟ ಹೇಳ್ಕೊಡ್ತೀನಿ. ಬರೋ ವರ್ಷ ಕಣ್ತುಂಬಾ ನಿದ್ದೆ ಮಾಡಿ ಬಾ ತಮ್ಮಾ. ನಿದ್ದೆಗೆಟ್ಟೋನ್ನ ಕೆಡವಿದೆ ಅಂತ ಹೇಳ್ಕೊಳ್ಳೋಕೆ ನನಗೆ ನಾಚಿಕೆ ಆಯ್ತದೆ. ಚೆನ್ನಾಗಿ ಮಲಗಿ ಎದ್ದೋನ್ನ ಕೆಡವಿದ್ರೇ ನಾನು ಕೆಂಡಗಣ್ಣ!”

ನೀತಿ: ಗೆಲ್ಲುವ ಛಲ ಹಗಲಿಗೆ ಭೂಷಣ, ಅದನ್ನು ದಿಂಬಿನವರೆಗೆ ಹೊತ್ತು ತರಬಾರದು. ನಿದ್ದೆಯನ್ನು ಬಲದಿಂದ ಹಿಡಿಯಲಾಗದು. ಸೋಲು ಗೆಲುವಿಲ್ಲದ ನಿಧಾನದ ಮಾತಿನಾಟದಿಂದ ಮನಸ್ಸನ್ನು ಸಡಿಲ ಮಾಡಿಕೊಂಡರೆ ಅದು ತಾನಾಗಿ ಬರುತ್ತದೆ. ಹಾಗೆ ನೆಮ್ಮದಿಯಾಗಿ ಮಲಗಿ ಎದ್ದವರು ಎದುರಾಳಿಗೂ ಒಳ್ಳೆಯ ನಿದ್ದೆಯನ್ನೇ ಹಾರೈಸುವಷ್ಟು ದೊಡ್ಡವರಾಗುತ್ತಾರೆ.